ಬೆಳಗದ ಎಂಜಲು

“ಉಗೀರಿ ಡಾಕ್ಟ್ರೇ,” ಅಂದಳು ಹೂವಮ್ಮ.

ದಂತವೈದ್ಯ ಚನ್ನೇಶ್ ಕೈಯಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಕೊಳವೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಎರಡರಲ್ಲಿ ಯಾವುದು ಹೆಚ್ಚು ಹೇಸಿಗೆ ಎಂದು ತೀರ್ಮಾನಿಸಲಾಗದವನಂತೆ ಮುಖ ಕಿವುಚಿದ.

“ಇಡೀ ಶಿಕಾರಿಪುರ ನನ್ನ ಮುಂದೆ ಬಾಯಿ ತೆಗೀತದೆ. ನೀವು ನನ್ನ ಬಾಯಿ ಪರೀಕ್ಷೆ ಮಾಡೋಕೆ ಬಂದಿದೀರಾ?”

“ಒಂದಿನ ನೀವೂ ತೆಗೀರಿ. ಕಳ್ಕೊಳ್ಳೋದೇನೈತೆ?”

ಗೋಡೆಯ ಮೇಲೆ ಕಟ್ಟು ಹಾಕಿಸಿದ ನಾಲ್ಕು ಪ್ರಮಾಣಪತ್ರಗಳಿದ್ದವು. ಅವುಗಳ ನಡುವೆ, ನಾಲ್ಕಕ್ಕಿಂತಲೂ ದೊಡ್ಡದಾಗಿ, ಚನ್ನೇಶನ ನಗುಮುಖದ ಫೋಟೋ. ಅದೇ ಫೋಟೋ ಮೇಜಿನ ಮೇಲಿನ ಹಲ್ಲುಪುಡಿ ಡಬ್ಬದ ಮೇಲೂ ಇತ್ತು. ‘ಮೌನಿ. ಬಾಯಿಯ ಕ್ರಿಮಿಗಳನ್ನು ಮೂಕಾಗಿಸುವ ಹಲ್ಲುಪುಡಿ.’ ತನ್ನ ಮುಖವನ್ನು ತಾನೇ ಇಷ್ಟು ಇಷ್ಟಪಡುವ ಮನುಷ್ಯರನ್ನು ಹೂವಮ್ಮ ಮೂವತ್ತು ವರ್ಷದ ಪೊಲೀಸ್ ನೌಕರಿಯಲ್ಲಿ ಇಬ್ಬರನ್ನೇ ಕಂಡಿದ್ದಳು. ಇನ್ನೊಬ್ಬ ಮೂರು ಮದುವೆ ಆಗಿ ಸಿಕ್ಕಿಬಿದ್ದವನು.

“ಆಯ್ತು ಬಿಡಿ,” ಅಂದ ಚನ್ನೇಶ್. “ನಾನು ಎರಡು ಹೊತ್ತೂ ಮೌನಿಯಲ್ಲೇ ತಿಕ್ಕೋದು. ನನ್ನ ಕೊಳವೆ ಅಮಾವಾಸ್ಯೆ ಥರ ಕಪ್ಪಗಿರ್ತದೆ. ನೋಡಿ ಕಣ್ಣು ತಂಪು ಮಾಡ್ಕೊಳ್ಳಿ.” ಉಗಿದ.

ಹೂವಮ್ಮ ಕೊಳವೆಗೆ ಚೀಟಿ ಅಂಟಿಸಿ ಅವನ ಮುಂದೆ ಹಿಡಿದಳು. “ಇದರ ಮೇಲೆ ನಿಮ್ಮ ಸಹಿ.”

“ಉಗುಳಿಗೂ ಸಹಿನಾ?”

“ಆಮೇಲೆ ನಂದಲ್ಲ ಅನ್ನೋರನ್ನ ಬಹಳ ಮಂದಿ ನೋಡೀನಿ.”

ಸಹಿ ಬಿತ್ತು. ಆಗ ಹೂವಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಉಂಡೆ ಬೆಲ್ಲ ತೆಗೆದಳು. “ಇದನ್ನ ತಿಂದು ಇನ್ನೊಂದು ಸಲ ಉಗೀರಿ.”

ಚನ್ನೇಶ್ ಬಿದ್ದು ಬಿದ್ದು ನಕ್ಕ. ತಿಂದ. ಉಗಿದ. ಸಹಿ ಹಾಕಿದ.

ಹಿಂದೆ ನಿಂತಿದ್ದ ಸಂಶೋಧನಾ ವಿದ್ಯಾರ್ಥಿನಿ ಚೈತ್ರಳ ಕೈಯಿಂದ ಡ್ರಾಪರ್ ಜಾರಿ ನೆಲಕ್ಕೆ ಬಿತ್ತು. ಹುಡುಗಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಬೆಳಗ್ಗೆಯಿಂದ ಏನೂ ತಿಂದಿಲ್ಲ, ಅದಕ್ಕೇ ಎಂದುಕೊಂಡಳು ಹೂವಮ್ಮ.

ಸಂಜೆ ಐದರೊಳಗೆ ಚೈತ್ರ ಒಂದು ತೀರ್ಮಾನ ಮಾಡಬೇಕಿತ್ತು. ಚನ್ನೇಶನ ಮೇಜಿನ ಮೇಲೆ ಎರಡು ಕಾಗದ ಕಾದಿದ್ದವು. ಒಂದು, ಮೌನಿ ಪುಡಿ ಕೆಲಸ ಮಾಡುತ್ತದೆ ಎಂಬ ವರದಿ. ಅವಳು ಸಹಿ ಹಾಕಿದರೆ ಮುಗಿಯಿತು. ಹಾಕದಿದ್ದರೆ ಎರಡನೆಯದು ಅವಳ ಕಾಲೇಜಿಗೆ ಹೋಗುತ್ತಿತ್ತು: ಈ ಹುಡುಗಿ ಸುಳ್ಳು ಫಲಿತಾಂಶ ಹುಟ್ಟಿಸಿದಳು ಎಂಬ ದೂರು. ನಾಲ್ಕು ವರ್ಷದ ಸಂಶೋಧನೆ ಅಲ್ಲಿಗೆ ಮಣ್ಣು.

ಚೈತ್ರ ಹೂವಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದವಳು, ಸೊರಬದ ಕಡೆಯವಳು. ಹೂವಮ್ಮನಿಗೆ ಈಗ ಲಾಠಿ ಇರಲಿಲ್ಲ, ಸಮವಸ್ತ್ರ ಇರಲಿಲ್ಲ. ನಿವೃತ್ತ ಹೆಡ್ ಕಾನ್ಸ್‌ಟೇಬಲ್ ಎಂಬ ಹೆಸರೊಂದಿತ್ತು, ಅದಕ್ಕೂ ಚನ್ನೇಶ್ ಮೂರು ಕಾಸಿನ ಬೆಲೆ ಕೊಡುತ್ತಿರಲಿಲ್ಲ.

*

ಆಸ್ಪತ್ರೆಯ ಮಹಡಿಯಲ್ಲಿ, ಚನ್ನೇಶನ ಕೋಣೆಯ ಹಿಂಬದಿಗೆ, ಹಳೆಯ ಎಕ್ಸ್‌ರೇ ಕೋಣೆ. ಕಿಟಕಿಗೆ ಕಪ್ಪು ಬಟ್ಟೆ. ಅದೇ ಚೈತ್ರಳ ಪ್ರಯೋಗಶಾಲೆ.

“ಇನ್ನೊಂದ್ಸಲ ಹೇಳು ಮಗಾ. ನನಗೆ ತಿಳಿಯೋ ಹಂಗೆ ಹೇಳು.”

ಚೈತ್ರ ಎಂಜಲನ್ನು ಸೋಸುತ್ತಾ ಹೇಳಿದಳು. ಬಾಯಿಯ ಕ್ರಿಮಿಗಳು ತಮ್ಮೊಳಗಿಂದ ಒಂದು ರಸ ಬಿಡುತ್ತವೆ. ಒಂದೆರಡೇ ಇದ್ದಾಗ ಆ ರಸ ತೊಳೆದುಹೋಗುತ್ತದೆ. ಗುಂಪು ಹೆಚ್ಚಿದಾಗ ರಸವೂ ಹೆಚ್ಚುತ್ತದೆ. ಆಗ ಅವಕ್ಕೆ ತಾವು ಬಹಳ ಜನ ಇದ್ದೇವೆಂದು ತಿಳಿಯುತ್ತದೆ. ಒಟ್ಟಾಗಿ ಹಲ್ಲಿನ ಮೇಲೆ ಪಾಚಿ ಕಟ್ಟಲು ಶುರುಮಾಡುತ್ತವೆ.

“ಸಂತೆ ಜೇಬುಗಳ್ಳರ ಥರ,” ಅಂದಳು ಹೂವಮ್ಮ. “ಒಬ್ಬನೇ ಇದ್ರೆ ಸುಮ್ನೆ ಬಾಳೆಹಣ್ಣು ತಿಂತಾ ನಿಂತಿರ್ತಾನೆ. ನಾಲ್ಕು ಕಡೆಯಿಂದ ಕೆಮ್ಮು ಕೇಳಿಸ್ತು ಅಂದ್ರೆ ಕೈ ಹಾಕ್ತಾನೆ.”

“ಅದೇ ಕೆಮ್ಮನ್ನ ನಾನು ಹಿಡಿಯೋದು ಅಮ್ಮ.” ಹುಡುಗಿ ನಗಲು ನೋಡಿದಳು, ನಗು ಬರಲಿಲ್ಲ. “ಈ ಸೀಸೆಲಿರೋದು ಸಮುದ್ರದ ಕ್ರಿಮಿ. ಆ ರಸ ಸಿಕ್ಕಿದ್ರೆ ಕತ್ತಲಲ್ಲಿ ಬೆಳಗ್ತದೆ. ಬಾಯಲ್ಲಿ ಗುಂಪು ದೊಡ್ಡದಿದ್ದಷ್ಟೂ ಬೆಳಕು ಜಾಸ್ತಿ.”

ಆನವಟ್ಟಿಯಲ್ಲಿ ಮಾಮೂಲಿ ಪುಡಿ ಬಳಸಿದ ಇಪ್ಪತ್ತು ಮಂದಿ. ಈಸೂರಿನಲ್ಲಿ ಒಂದು ತಿಂಗಳು ಮೌನಿ ಬಳಸಿದ ಇಪ್ಪತ್ತು ಮಂದಿ. ಕಳೆದ ಗುರುವಾರ ಎರಡೂ ಕಡೆ ಎಂಜಲು ಸಂಗ್ರಹ. ಆನವಟ್ಟಿಯ ಕೊಳವೆಗಳೆಲ್ಲ ಬೆಳಗಿದ್ದವು. ಈಸೂರಿನ ಇಪ್ಪತ್ತೂ ಕಪ್ಪು. ಚನ್ನೇಶ್ ಆ ದಿನವೇ ಸಿಹಿ ಹಂಚಿದ್ದ. ಆದರೆ ಚೈತ್ರಳಿಗೆ ಸಮಾಧಾನ ಇರಲಿಲ್ಲ. ಶನಿವಾರ ತಾನೇ ಈಸೂರಿಗೆ ಹೋಗಿ, ಬಾಯಿ ಮುಕ್ಕಳಿಸಿಸಿ, ಐದು ಮಂದಿಯ ಎಂಜಲು ತಂದಳು. ಐದೂ ಬೆಳಗಿದವು. ಜಗಳ ಶುರುವಾದದ್ದು ಅಲ್ಲಿಂದ.

“ಗುರುವಾರ ನೀನ್ಯಾಕೆ ಈಸೂರಿಗೆ ಹೋಗ್ಲಿಲ್ಲ?”

“ನಾನು ಆನವಟ್ಟಿಲಿದ್ದೆ. ಅಣ್ಣ ಏಳು ಗಂಟೆಗೆ ಬೈಕಲ್ಲಿ ಬಿಟ್ಟು ಹೋದ, ಹನ್ನೊಂದೂವರೆಗೆ ಕರ್ಕೊಂಡು ಹೋದ. ಈಸೂರಿಗೆ ಇಲ್ಲಿನ ನರ್ಸು ಹೋಗಿದ್ರು.”

ಅಣ್ಣ ಅಂದರೆ ಮಾಲತೇಶ್. ಅಪ್ಪ ತೀರಿಹೋದ ಮೇಲೆ ತಂಗಿಯನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು. ಹೂವಮ್ಮ ಅವನನ್ನು ನೋಡಿರಲಿಲ್ಲ, ಮಾತು ಮಾತ್ರ ಕೇಳಿದ್ದಳು. ದಿನಾ ರಾತ್ರಿ ಊಟದ ಹೊತ್ತಿಗೆ ಫೋನು, ಒಂದೇ ಪ್ರಶ್ನೆ: “ಎಂತ ಆಯ್ತೇ, ಪಾಸಾ?”

“ಅವನು ಇಲ್ಲಿಗೆ ಬರಲ್ವಾ?”

“ಸಂಜೆ ಬರ್ತಾನೆ. ಒಳಗೆ ಮಾತ್ರ ಒಂದು ಸಲವೂ ಬಂದಿಲ್ಲ. ಆಸ್ಪತ್ರೆ ವಾಸನೆ ಆಗಲ್ಲ ಅಂತಾನೆ. ಡಾಕ್ಟ್ರಿಗೆ ಅವನ ಮುಖಾನೂ ಗೊತ್ತಿಲ್ಲ.”

ಹೂವಮ್ಮ ಕಿಟಕಿಯ ಕಟ್ಟೆಯತ್ತ ಹೋದಳು. ತೊಳೆಯಲೆಂದು ಇಟ್ಟ ಖಾಲಿ ಕೊಳವೆಗಳ ಎರಡು ತಟ್ಟೆ ಅಲ್ಲಿದ್ದವು. ನಿನ್ನೆ ಇಲ್ಲೇ ನಿಂತಾಗ ಅವಳು ಕಂಡದ್ದು ಇವತ್ತೂ ಇತ್ತು. ಗೋಡೆಯ ಬಿರುಕಿನಿಂದ ಹೊರಟ ಇರುವೆ ಸಾಲು ಆನವಟ್ಟಿಯ ತಟ್ಟೆಯ ಪಕ್ಕದಲ್ಲೇ ಹಾದು, ಅದನ್ನು ಮೂಸಿಯೂ ನೋಡದೆ, ನೇರ ಈಸೂರಿನ ತಟ್ಟೆಗೆ ಏರಿತ್ತು.

ನಾಲ್ಕು ಪ್ರಮಾಣಪತ್ರದವನ ಕಣ್ಣಿಗೆ ಬೀಳದ್ದು ಇರುವೆಗಳಿಗೆ ತಿಳಿದಿತ್ತು. ಅದಕ್ಕೇ ಇವತ್ತು ಸೆರಗಿನಲ್ಲಿ ಬೆಲ್ಲ.

“ಸಿಹಿ ಸಿಕ್ಕಿದ್ರೆ ನಿನ್ನ ಸಮುದ್ರದ ಕ್ರಿಮಿ ಏನ್ಮಾಡ್ತೈತೆ?”

ಚೈತ್ರ ತಲೆ ಎತ್ತಲಿಲ್ಲ. “ಬೆಳಗಲ್ಲ ಅಮ್ಮ. ಸಕ್ಕರೆ ತಿನ್ನೋದ್ರಲ್ಲೇ ಇರ್ತದೆ. ಅದಕ್ಕೇ ಏನೂ ತಿಂದಿರಬಾರ್ದು ಅಂತ ನಿಯಮ ಮಾಡಿದ್ದು.”

“ನಾಲ್ಕು ಗಂಟೆಗೆ ಬರ್ತೀನಿ. ನಂದೂ ಒಂದು ಕೊಳವೆ ಇಟ್ಟಿರು.”

ಅವಳೂ ಉಗಿದು, ಹಲ್ಲಿನ ಸೆಟ್ಟನ್ನು ಮತ್ತೆ ಬಾಯಿಗೆ ಕೂರಿಸಿಕೊಂಡು, ಈಸೂರಿನ ಬಸ್ಸು ಹತ್ತಿದಳು.

*

“ಬಿಸ್ಲಾಗೆ ಸಾಲು ನಿಂತೋರಿಗೆ ಬೆಲ್ಲ ನೀರು ಕೊಡ್ದೆ, ಬರ್ರಿ ಉಗೀರಿ ಅನ್ನಾಕಾಗ್ತೈತೇನ್ರೀ?” ವನಜಮ್ಮ ಸೊಂಟದ ಮೇಲೆ ಕೈ ಇಟ್ಟು ಕೇಳಿದಳು. ಅವಳ ಮನೆಯ ಜಗಲಿಯ ಮೇಲೇ ಗುರುವಾರ ಎಂಜಲು ಸಂಗ್ರಹವಾದದ್ದು. “ನಮ್ಮನಿಗೆ ಬಂದೋರನ್ನ ಒಣ ಗಂಟ್ಲಾಗೆ ಕಳ್ಸಿದ್ರೆ ಊರೋರು ಏನಂತಾರ?”

“ಏನೂ ತಿನ್ನಬಾರ್ದು ಅಂತ ನರ್ಸು ಹೇಳ್ಲಿಲ್ವಾ?”

“ಹೇಳಿದ್ರು. ತಿನ್ನಬ್ಯಾಡ್ರಿ ಅಂದ್ರು. ಬೆಲ್ಲ ನೀರು ತಿನ್ನೋದೇನ್ರೀ? ಅದು ಮರ್ಯಾದಿ.”

ಹೂವಮ್ಮನಿಗೆ ನಗು ಬಂತು. ಬಾಗಿಲಿಗೆ ಬಂದವರಿಗೆ ಬೆಲ್ಲ ನೀರು ಕೊಡುವುದನ್ನು ಯಾರೂ ತಿಂಡಿ ಎಂದು ಎಣಿಸುವುದಿಲ್ಲ. ಅವಳ ಮನೆಯಲ್ಲೂ ಹಾಗೇ. ಇದಿಷ್ಟೇ ಆಗಿದ್ದರೆ ಒಂದು ಒಳ್ಳೆಯ ಮನಸ್ಸಿನ ತಪ್ಪು, ಇನ್ನೊಂದು ಗುರುವಾರ ಮತ್ತೆ ಉಗಿಸಿದರೆ ಮುಗಿಯಿತು.

“ಇಪ್ಪತ್ತು ಜನಕ್ಕೂ ಆಗೋವಷ್ಟು ಬೆಲ್ಲ ಮನೇಲಿತ್ತಾ?”

“ಎಲ್ಲಿಂದ ಬರ್ತೈತ್ರೀ? ಅದು ಅವನು ತಂದಿದ್ದು.”

“ಯಾರು?”

“ಹೆಸ್ರು ಗೊತ್ತಿಲ್ಲ. ನರ್ಸಮ್ಮ ಬರೋಕೆ ಮುಂಚೆ ಬೈಕ್‌ನಾಗೆ ಬಂದ. ತಲಿಗೆ ಕೆಂಪು ಹೆಲ್ಮೆಟ್ಟು, ತೆಗೀಲೇ ಇಲ್ಲ. ಒಂದು ಪೆಂಟೆ ಬೆಲ್ಲ ಇಟ್ಟ. ‘ಎಲ್ರಿಗೂ ಕೊಡಿ ಮಾರಾಯ್ತಿ, ಒಬ್ರನ್ನೂ ಬಿಡ್ಬೇಡಿ’ ಅಂದ. ನಮ್ಮ ಕಡಿ ಮಾತಲ್ಲ ಅದು, ಸೊರಬದ ಕಡಿದು.”

“ನೀನು ಅವನಿಗೂ ಬೆಲ್ಲ ನೀರು ಕೊಟ್ಟಿರ್ಬೇಕು.”

“ಕೊಟ್ಟೆ. ಮುಟ್ಲಿಲ್ಲ. ಹಲ್ಲು ನೋವು ಅಂತ ಎಡಗಡಿ ಕೆನ್ನಿ ಹಿಡ್ಕಂಡಿದ್ದ. ಹಲ್ಲು ನೋವಿಟ್ಕಂಡು ಊರೋರಿಗೆಲ್ಲ ಬೆಲ್ಲ ಹಂಚೋನ್ನ ನಾನಂತೂ ನೋಡಿದ್ದಿಲ್ಲ.” ವನಜಮ್ಮ ಸ್ವಲ್ಪ ಯೋಚಿಸಿದಳು. “ಹೋಗೋವಾಗ ಇನ್ನೊಂದು ಮಾತಂದ. ‘ಕಪ್ಪಗೆ ಬಂದ್ರೆ ಪಾಸು’ ಅಂದ. ಯಾವ ಪಾಸೋ ಏನೋ!”

ಬಸ್ಸಿನಲ್ಲಿ ವಾಪಸು ಬರುವಾಗ ಹೂವಮ್ಮ ಆ ಮಾತನ್ನು ಬಾಯಲ್ಲಿ ಹೊರಳಿಸುತ್ತಾ ಕೂತಳು. ಆ ‘ಪಾಸು’ ಎಲ್ಲೋ ಕೇಳಿದ ಹಾಗಿತ್ತು, ಎಲ್ಲಿ ಎಂದು ಹೊಳೆಯಲಿಲ್ಲ. ಇನ್ನು ಕೆನ್ನೆ ನೋವಿನ ಗುರುತು ಹಿಡಿದು ಹೊರಡೋಣವೆಂದರೆ, ಅವಳು ಹೋಗುತ್ತಿದ್ದುದು ದಂತ ಆಸ್ಪತ್ರೆಗೆ. ಅಲ್ಲಿನ ಬೆಂಚಿನ ಮೇಲೆ ಏಳು ಜನ ಕೂತಿದ್ದರು. ಏಳೂ ಜನ ಕೆನ್ನೆ ಹಿಡಿದುಕೊಂಡಿದ್ದರು.

*

ನಾಲ್ಕೂವರೆ. ಎಕ್ಸ್‌ರೇ ಕೋಣೆಯ ಬಾಗಿಲು ಮುಚ್ಚಿ, ದೀಪ ಆರಿಸಿ, ಮೂವರೂ ಕತ್ತಲಲ್ಲಿ ನಿಂತರು.

“ಇನ್ನೂ ಎಷ್ಟು ಹೊತ್ತು?” ಚನ್ನೇಶನ ದನಿ.

“ಕಣ್ಣು ಒಗ್ಗಬೇಕು ಸಾರ್,” ಅಂದಳು ಚೈತ್ರ.

ನಿಧಾನವಾಗಿ ಮೇಜಿನ ಮೇಲೆ ಒಂದು ಹಸಿರು ಮಿಶ್ರಿತ ನೀಲಿ ಬೆಳಕು ಮೂಡಿತು. ಒಂದು ಕೊಳವೆ ಗಣಪತಿ ಪೆಂಡಾಲಿನ ಸೀರಿಯಲ್ ಲೈಟಿನ ಹಾಗೆ ಹೊಳೆಯುತ್ತಿತ್ತು. ಪಕ್ಕದ್ದು ಕಪ್ಪು. ಮೂರನೆಯದರಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಮಿಣುಕು.

“ಆ ಕಪ್ಪುದು ನನ್ದು!” ಚನ್ನೇಶ್ ಚಪ್ಪಾಳೆ ತಟ್ಟಿದ. “ಹೇಳಿರಲಿಲ್ವಾ? ಯಾವನದೋ ಗಲೀಜು ಬಾಯಿ ಅದು, ಆ ಬೆಳಗ್ತಾ ಇರೋದು. ಹಲ್ಲು ತಿಕ್ಕೋ ಅಭ್ಯಾಸಾನೇ ಇಲ್ಲ ಅನಿಸ್ತದೆ.”

“ಕಪ್ಪುದೂ ನಿಮ್ದೇ,” ಅಂದಳು ಹೂವಮ್ಮ. “ಬೆಳಗ್ತಾ ಇರೋದೂ ನಿಮ್ದೇ.”

ಅವಳು ದೀಪ ಹಾಕಿದಳು. ಎರಡೂ ಕೊಳವೆಯ ಮೇಲೆ ಅವನದೇ ಸಹಿ. ಬಾಲ ಸುತ್ತಿದ, ಕೆಳಗೆ ಎರಡು ಗೆರೆ ಎಳೆದ, ದೊಡ್ಡ ಮನುಷ್ಯನ ಸಹಿ.

“ಬೆಲ್ಲ ತಿನ್ನೋಕೆ ಮುಂಚೆ ಉಗಿದಿದ್ದು ಬೆಳಗ್ತಾ ಐತೆ. ನೀವು ಎರಡು ಹೊತ್ತು ಮೌನಿ ತಿಕ್ಕಿದ ಬಾಯಿ. ಬೆಲ್ಲ ತಿಂದು ಉಗಿದಿದ್ದು ಕಪ್ಪು. ಈಸೂರೋರ ಬಾಯಿ ಮೂಕ ಮಾಡಿದ್ದು ನಿಮ್ಮ ಪುಡಿ ಅಲ್ರೀ, ಬೆಲ್ಲ. ನಿಮ್ಮ ಬಾಯಾಗಂತೂ ಜಾತ್ರೆ ನಡೀತಾ ಐತೆ.”

ಚನ್ನೇಶನ ಕುತ್ತಿಗೆಯವರೆಗೂ ಕೆಂಪೇರಿತು. “ಹಲ್ಲಿನ ಬಗ್ಗೆ ನಿಮಗೇನು ಗೊತ್ರೀ? ಎಷ್ಟು ಓದಿದೀರಿ?”

ಹೂವಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಎರಡು ಬೆರಳು ಬಾಯಿಗೆ ಹಾಕಿ ಮೇಲಿನ ಹಲ್ಲಿನ ಸೆಟ್ಟು ತೆಗೆದಳು, ಕೆಳಗಿನದೂ ತೆಗೆದಳು. ಇಬ್ಬರೂ ಹಿಂದೆಯೇ ಬರುತ್ತಿದ್ದಂತೆ ಆಚೆ ಕೋಣೆಗೆ ನಡೆದು, ಚನ್ನೇಶನ ಮೇಜಿನ ಮೇಲಿದ್ದ ಆ ವರದಿಯ ನಡುಮಧ್ಯ ಎರಡನ್ನೂ ಇಟ್ಟಳು. ಕಾಗದ ಒದ್ದೆಯಾಯಿತು.

“ಇಪ್ಪತ್ತೆಂಟು ಹಲ್ಲು ಕಳ್ಕೊಂಡು ಕಲ್ತಿದ್ದು,” ಅಂದಳು ಬೊಚ್ಚುಬಾಯಲ್ಲಿ. “ನಿಮ್ಮಂಥ ನಾಲ್ಕು ಜನ ಡಾಕ್ಟ್ರು ಕಲ್ಸಿದ್ರು. ಆ ಮಿಣುಕು ಕೊಳವೆ ನಂದು. ಪಾಚಿ ಕಟ್ಟೋಕೆ ಹಲ್ಲೇ ಇಲ್ಲ ನೋಡ್ರಿ, ಕ್ರಿಮಿಗಳೂ ಬಿಟ್ಟು ಹೋಗ್ಯಾವೆ. ನಿಮ್ಮ ಪುಡಿಗಿಂತ ನನ್ನ ವಸಡೇ ವಾಸಿ.”

“ತೆಗೀರಿ ಅದನ್ನ! ಅಸಹ್ಯ!”

“ಈ ಹುಡುಗಿ ಸುಳ್ಳಿ ಅಂತ ಬರ್ದಿದೀರಲ್ಲ, ಅದಕ್ಕಿಂತ ಅಸಹ್ಯಾನಾ ಇದು?”

ಚನ್ನೇಶ್ ಕುರ್ಚಿಯಲ್ಲಿ ಕುಸಿದ. ಗೋಡೆಯ ಫೋಟೋ ಅವನ ತಲೆಯ ಮೇಲೆ ಇನ್ನೂ ನಗುತ್ತಲೇ ಇತ್ತು. “ದೇವರಾಣೆ ಬೆಲ್ಲದ ವಿಷಯ ನನಗೆ ಗೊತ್ತಿಲ್ಲ. ಸಿಹಿ ತಿಂದ್ರೆ ಬೆಳಕು ಹೋಗ್ತದೆ ಅಂತ ಇವತ್ತೇ ಕೇಳಿದ್ದು.”

“ನಂಬ್ತೀನಿ,” ಹೂವಮ್ಮ ಹಲ್ಲುಗಳನ್ನು ಸೆರಗಿನಲ್ಲಿ ಒರೆಸಿ ಮತ್ತೆ ಬಾಯಿಗೆ ಹಾಕಿಕೊಂಡಳು. “ಅದು ಗೊತ್ತಿರ್ಬೇಕಾದ್ರೆ ಈ ಹುಡುಗಿ ಬರ್ದು ಕೊಟ್ಟಿದ್ದನ್ನ ಒಂದು ಸಲ ಆದ್ರೂ ಓದಿರ್ಬೇಕು. ನೀವು ಡಬ್ಬದ ಮೇಲೆ ಯಾವ ಕಡೆ ಮುಖ ತಿರುಗಿಸಿದ್ರೆ ಚೆಂದ ಅಂತ ನೋಡೋದ್ರಾಗೇ ಇದ್ರಿ. ಮೋಸ ಮಾಡೋಕೂ ಒಂದಿಷ್ಟು ತಲೆ ಬೇಕು.”

ಹೀಗೆ ಹೇಳುವಾಗ ಅವಳಿಗೆ ಬಹಳ ಹಿತವೆನಿಸಿತು. ಆಮೇಲೆ ಆ ಹಿತವನ್ನು ನೆನೆದು ನಾಚಿಕೊಳ್ಳುವಳೆಂದು ಆಗ ಅವಳಿಗೆ ಗೊತ್ತಿರಲಿಲ್ಲ.

ಐದಕ್ಕೆ ಹತ್ತು ನಿಮಿಷ. ಅವಳು ಚೈತ್ರಳ ಕಡೆ ತಿರುಗಿದಳು. ಇನ್ನೊಂದೇ ಪ್ರಶ್ನೆ ಉಳಿದಿತ್ತು, ಅದಾದರೆ ಹುಡುಗಿ ತಲೆ ಎತ್ತಿ ಮನೆಗೆ ಹೋಗಬಹುದಿತ್ತು.

“ಮಗಾ, ಈಸೂರಿಗೆ ಒಂದು ಪೆಂಟೆ ಬೆಲ್ಲ ಕೊಟ್ಟು ಹೋದೋನು ಬೇಕಂತಲೇ ಕೊಟ್ಟಿದಾನೆ. ‘ಕಪ್ಪಗೆ ಬಂದ್ರೆ ಪಾಸು’ ಅಂದನಂತೆ. ಸಿಹಿ ತಿಂದ್ರೆ ಬೆಳಗಲ್ಲ ಅನ್ನೋದನ್ನ ನೀನು ಯಾರಿಗೆ ಹೇಳಿದ್ದೆ?”

ಚೈತ್ರ ಗೋಡೆಯ ಗಡಿಯಾರ ನೋಡಿದಳು.

“ಯಾರಿಗೋ ಹೇಳಿದೀಯ. ನೆನಪು ಮಾಡ್ಕೋ.”

ಹೊರಗೆ ಬೈಕೊಂದು ಬಂದು ನಿಂತಿತು. ಹಾರನ್ನು ಎರಡು ಸಲ, ಮೆಲ್ಲಗೆ. ಮನೆಯವರನ್ನು ಕರೆಯುವ ಹಾಗೆ.

ಆ ಶಬ್ದಕ್ಕೆ ಚೈತ್ರಳ ಕಣ್ಣು ತುಂಬಿದವು. ಅವಳು ಮೇಜಿನ ಬಳಿ ಹೋದಳು. ಒಂದು ಖಾಲಿ ಹಾಳೆ ಎಳೆದುಕೊಂಡಳು. ಡಾಕ್ಟರನ ಪೆನ್ನನ್ನೇ ತೆಗೆದು, ನಿಂತಲ್ಲೇ ಎರಡು ಸಾಲು ಬರೆದು, ಸಹಿ ಹಾಕಿದಳು.

“ಏನದು?” ಹೂವಮ್ಮ ಕಿತ್ತುಕೊಂಡು ಓದಿದಳು.

‘ಈಸೂರಿಗೆ ಬೆಲ್ಲ ಕಳಿಸಿದವಳು ನಾನೇ. ಪರೀಕ್ಷೆ ಕೆಡಿಸಬೇಕೆಂದೇ ಕಳಿಸಿದೆ. ಇದರಲ್ಲಿ ಬೇರೆ ಯಾರ ಕೈವಾಡವೂ ಇಲ್ಲ.’

“ಹುಚ್ಚು ಹಿಡೀತಾ ನಿನಗೆ? ಇದನ್ನ ಬರ್ದ್ರೆ ಮುಂದೆ ಯಾವ ಕಾಲೇಜೂ ನಿನ್ನ ಒಳಗೆ ಬಿಡಲ್ಲ!”

“ನಾನೇ ಅಮ್ಮ. ದಯವಿಟ್ಟು ಇಲ್ಲಿಗೆ ಬಿಟ್ಬಿಡಿ.”

ಹೂವಮ್ಮನ ಕೈ ಸಡಿಲವಾಯಿತು. ಚನ್ನೇಶ್ ಅಷ್ಟಕ್ಕೇ ಕಾದಿದ್ದವನಂತೆ ಎದ್ದು ಹಾಳೆಯನ್ನು ಎಳೆದುಕೊಂಡ. ಓದಿದ. ಅವನ ಬೆನ್ನು ನೆಟ್ಟಗಾಯಿತು, ಫೋಟೋದಲ್ಲಿದ್ದ ನಗು ಮುಖಕ್ಕೂ ಮರಳಿ ಬಂತು.

“ನೋಡಿದ್ರಾ ಹೂವಮ್ಮನೋರೇ? ನಿಮ್ಮ ಬಾಡಿಗೆ ಹುಡುಗಿ! ನನ್ನ ಹೆಸರು ಕೆಡಿಸೋಕೆ ಮಾಡಿದ ಸಂಚು ಇದು. ಇವತ್ತೇ ಕಾಲೇಜಿಗೆ ಹೋಗ್ತದೆ.”

ಹೂವಮ್ಮ ಕೇಳಿಸಿಕೊಳ್ಳುತ್ತಿರಲಿಲ್ಲ. ಕಿಟಕಿಯ ಪರದೆ ಸರಿಸಿ ಕೆಳಗೆ ನೋಡುತ್ತಿದ್ದಳು. ಬೈಕಿನ ಕನ್ನಡಿಗೆ ಕೆಂಪು ಹೆಲ್ಮೆಟ್ ನೇತುಹಾಕಿತ್ತು. ಪಕ್ಕದಲ್ಲಿ ನಿಂತವನು ಎಡಗೆನ್ನೆಗೆ ಟವೆಲ್ ಬಿಗಿದು ತಲೆಯ ಮೇಲೆ ಗಂಟು ಹಾಕಿಕೊಂಡಿದ್ದ. ಎಂತ ಆಯ್ತೇ, ಪಾಸಾ? ಏಳಕ್ಕೆ ಆನವಟ್ಟಿಯಲ್ಲಿ ಬಿಟ್ಟು, ಹನ್ನೊಂದೂವರೆಗೆ ವಾಪಸು ಬಂದ ಅಣ್ಣ. ನಡುವೆ ನಾಲ್ಕೂವರೆ ಗಂಟೆ. ತಂಗಿ ಪರೀಕ್ಷೆಯಲ್ಲಿ ಪಾಸಾಗಲಿ ಎಂದು ಬೆಲ್ಲ ಹೊತ್ತುಕೊಂಡು ಈಸೂರಿಗೆ ಹೋದವನು.

ಆದರೆ ಕಪ್ಪಗೆ ಬಂದರೆ ಪಾಸು ಎಂದು ಅವನಿಗೆ ಹೇಳಿದವರು ಯಾರು? ಚೈತ್ರ ಹೇಳಿರಲಾರಳು. ಅವಳ ಪಾಲಿಗೆ ಇದರಲ್ಲಿ ಪಾಸು, ಫೇಲು ಎಂಬುದೇ ಇರಲಿಲ್ಲ.

ಕೆಳಗಿದ್ದವನು ಮೇಲೆ ನೋಡಿದ. ಕಿಟಕಿಯಲ್ಲಿ ಹೂವಮ್ಮನನ್ನು ಕಂಡ. ಅವನು ಬೈಕು ಹತ್ತಿ ಓಡಿಹೋಗುತ್ತಾನೆ ಎಂದುಕೊಂಡಳು. ಓಡಲಿಲ್ಲ. ಒಂದು ಸಲವೂ ಆಸ್ಪತ್ರೆಯ ಒಳಗೆ ಕಾಲಿಡದವನು ನೇರವಾಗಿ ಬಂದು ಮೆಟ್ಟಿಲು ಹತ್ತತೊಡಗಿದ.

“ಯಾರದು?” ಚನ್ನೇಶ್ ಹಾಳೆಯನ್ನು ಮಡಚುತ್ತಾ ಕಿಟಕಿಗೆ ಬಂದು ಇಣುಕಿದ.

ಮಡಚುತ್ತಿದ್ದ ಕೈ ನಿಂತಿತು.

“ಮಾಲತೇಶ ಇಲ್ಲಿಗ್ಯಾಕೆ ಬಂದ?” ಅಂದ. ತನಗೆ ತಾನೇ ಹೇಳಿಕೊಂಡಷ್ಟು ಮೆಲ್ಲಗೆ.

ಈ ಆಸ್ಪತ್ರೆಯಲ್ಲಿ ಆ ಹೆಸರನ್ನು ಯಾರೂ ಅವನೆದುರು ಆಡಿರಲಿಲ್ಲ. ಚೈತ್ರ ತಲೆ ಎತ್ತಿ ಅವನನ್ನೇ ನೋಡಿದಳು. ಮೋಸ ಮಾಡಲು ತಲೆಯಿಲ್ಲ ಎಂದು ತಾನು ನಗೆಯಾಡಿದ ಮನುಷ್ಯನನ್ನು ಹೂವಮ್ಮ ಮೊದಲ ಬಾರಿಗೆ ಸರಿಯಾಗಿ ನೋಡಿದಳು. ಕಪ್ಪಗೆ ಬಂದರೆ ತಂಗಿ ಪಾಸು ಎಂದು ಅಣ್ಣನನ್ನು ನಂಬಿಸಿದವನು ಇವನೇ.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಹತ್ತಿರವಾಯಿತು. ಚನ್ನೇಶ್ ಎರಡೇ ದಾಪುಗಾಲಿನಲ್ಲಿ ಬಾಗಿಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿದ.